ಆರ್ಟಿಕಲ್‌ಶಿಪ್ ಮಾಡಿಸಿದ ಸರ್‌ನ ಇಷ್ಟು ವರ್ಷದ ಮೇಲೆ ಊಟಕ್ಕೆ ಕರೆಯೋದು ಹೇಗೆ? (ದಾವಣಗೆರೆ)

ಪಿಜೆ_ಬಡಾವಣೆ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಬ್ಬ ಆಡಿಟರ್ ಹತ್ರ ಆರ್ಟಿಕಲ್‌ಶಿಪ್ (ಚಾರ್ಟರ್ಡ್ ಅಕೌಂಟೆಂಟ್, ಅಂದ್ರೆ ಸಿಎ ಆಗೋಕೆ ಬೇಕಾದ ಆಫೀಸ್ ತರಬೇತಿ) ಮುಗಿಸಿ, ಸಿಎ ಪಾಸಾಗಿ, ಈಗ ಬೆಂಗಳೂರಲ್ಲಿ ಕಂಪನಿ ಕೆಲಸ. ಸರ್ ಜೊತೆ ಕೆಲವು ವರ್ಷದಿಂದ ಮಾತಿಲ್ಲ. ಜಗಳ ಏನೂ ಆಗಿಲ್ಲ, ಸುಮ್ನೆ ಸಂಪರ್ಕ ತಪ್ಪಿದೆ ಅಷ್ಟೆ. ಅವರಿಗೆ ಅರವತ್ತು ದಾಟಿದೆ, ಆಫೀಸ್ ಇನ್ನೂ ನಡೆಸ್ತಿದ್ದಾರೆ, ಸಕ್ಕರೆ ಕಾಯಿಲೆ ಇದೆ. ಊರಿಗೆ ವಾಪಸ್ ಬಂದು ಸ್ವಂತ ಪ್ರಾಕ್ಟೀಸ್ ಶುರು ಮಾಡೋ ಯೋಚನೆ ನನ್ನದು. ಅದಕ್ಕೂ ಮುಂಚೆ ಒಂದು ಮಧ್ಯಾಹ್ನ ಅವರ ಜೊತೆ ಊಟಕ್ಕೆ ಕೂತು ಮಾತಾಡಬೇಕು.

ಯಾವಾಗ ಕರೀಬೇಕು, ಫೋನಲ್ಲಿ ಏನಂತ ಹೇಳಬೇಕು? ಎಲ್ಲಿ ಕೂತರೆ ಅನುಕೂಲ? ಬಿಲ್ ಕೊಡೋಕೆ ಬಿಡ್ತಾರಾ? ಪ್ರಾಕ್ಟೀಸ್ ವಿಷಯ ಮೊದಲ ಭೇಟಿಯಲ್ಲೇ ಎತ್ತಿದ್ರೆ ಸ್ವಾರ್ಥಕ್ಕೆ ಬಂದ ಅನ್ಕೋತಾರಾ? ದಯವಿಟ್ಟು ಬೆಂಗಳೂರಿನ ನೆಟ್‌ವರ್ಕಿಂಗ್ ಪಾಠ ಬೇಡ, ನಮ್ಮೂರಲ್ಲಿ ನಡೆಯೋ ಮಾತು ಹೇಳಿ.

---

ಕೀರ್ದಿ_ಖಾತೆ:

ಮೊದಲು ತಾರೀಖು ನೋಡಿ, ಉಳಿದದ್ದೆಲ್ಲ ಆಮೇಲೆ. ಬಹಳ ಜನ ತಮಗೆ ರಜೆ ಸಿಕ್ಕ ದಿನ ಊರಿಗೆ ಬಂದು ಫೋನ್ ಮಾಡ್ತಾರೆ. ಅವತ್ತು ಸರ್ ಟೇಬಲ್ ಮೇಲೆ ಜಿಎಸ್‌ಟಿ ಪೋರ್ಟಲ್ ಸುತ್ತುತ್ತಾ ಇರುತ್ತೆ, "ಆಯ್ತು, ಇನ್ನೊಮ್ಮೆ ಬಾ" ಅಂತಾರೆ. ಇವರು ಬೇಜಾರು ಮಾಡ್ಕೊಂಡು ವಾಪಸ್ ಹೋಗ್ತಾರೆ.

ತಿಂಗಳ 7ಕ್ಕೆ ಟಿಡಿಎಸ್ (ಪಾವತಿ ಮಾಡುವಾಗಲೇ ಹಿಡಿದುಕೊಂಡ ಆದಾಯ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ವಿವರದ ರಿಟರ್ನ್), 20ಕ್ಕೆ 3ಬಿ (ಜಿಎಸ್‌ಟಿ ಕಟ್ಟೋ ರಿಟರ್ನ್), ಮೂರು ತಿಂಗಳಿಗೊಮ್ಮೆ ಫೈಲ್ ಮಾಡೋರಿಗೆ ನಮ್ಮ ರಾಜ್ಯದಲ್ಲಿ 22. ಅಂದ್ರೆ ಯಾವ ತಿಂಗಳಾದ್ರೂ 23 ದಾಟಿದ ಮೇಲೇನೇ ಆಡಿಟರ್ ಆಫೀಸಿನಲ್ಲಿ ನೆಮ್ಮದಿಯಾಗಿ ಟೀ ಕುಡಿಯೋದು. ಅದರಲ್ಲೂ ಜನವರಿ, ಮೇ, ಜುಲೈ, ಅಕ್ಟೋಬರ್ ಕೊನೆ ವಾರ ಬೇಡ, 31ಕ್ಕೆ ಟಿಡಿಎಸ್ ರಿಟರ್ನ್ ಇರುತ್ತೆ. ಸೆಪ್ಟೆಂಬರ್ ಪೂರ್ತಿ ಬಿಟ್ಟುಬಿಡಿ, 30ಕ್ಕೆ ಟ್ಯಾಕ್ಸ್ ಆಡಿಟ್ ರಿಪೋರ್ಟ್. ಗಡುವು ಮುಂದಕ್ಕೆ ಹಾಕಿದ್ರೆ ಅಕ್ಟೋಬರೂ ಹೋಯ್ತು. ನವೆಂಬರ್ ಕಂಪನಿ ರಿಟರ್ನ್‌ಗಳಿಗೆ, ಡಿಸೆಂಬರ್ ಕೊನೆ ಜಿಎಸ್‌ಟಿ ವಾರ್ಷಿಕ ರಿಟರ್ನ್‌ಗೆ. ಮಾರ್ಚ್ ಬಗ್ಗೆ ಮಾತೇ ಬೇಡ. ಏಪ್ರಿಲ್ ಖಾಲಿ ಅಂತ ಕಾಣುತ್ತೆ, ಆದ್ರೆ ಬ್ಯಾಂಕ್ ಬ್ರಾಂಚ್ ಆಡಿಟ್ ಬಂದಿದ್ರೆ ಸರ್ ಯಾವುದೋ ತಾಲ್ಲೂಕಿನ ಬ್ರಾಂಚಲ್ಲಿ ಕೂತಿರ್ತಾರೆ. ಹೀಗೆ ಎಲ್ಲ ಕಳೆದ ಮೇಲೆ ಉಳಿಯೋದರಲ್ಲಿ ಒಳ್ಳೇದು ಫೆಬ್ರವರಿ ಕೊನೆ ವಾರ, ಜೂನ್ ಕೊನೆ ವಾರ.

ಫೆಬ್ರವರಿ-ಮಾರ್ಚ್ ಹೊತ್ತಿಗೆ ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆ ಬೀಳುತ್ತೆ, ಆ ವಾರ ಮನೆ ತುಂಬ ನೆಂಟರು. ಜಾತ್ರೆ ವರ್ಷ ಆದ್ರೆ ಜೂನೇ ಸರಿ.

ವಾರ ಅಂದ್ರೆ ಶನಿವಾರ. ಭಾನುವಾರ ಬಿಡುವು ಅಂತ ನಮಗೆ ಅನಿಸುತ್ತೆ. ಆದ್ರೆ ಲಗ್ನದ ಸೀಸನ್ನಲ್ಲಿ ಹಿರಿಯ ಆಡಿಟರ್‌ಗೆ ಭಾನುವಾರ ಒಂದೇ ಮಧ್ಯಾಹ್ನ ಎರಡು ಮೂರು ಕಲ್ಯಾಣ ಮಂಟಪದಲ್ಲಿ ಹಾಜರಿ ಹಾಕೋದಿರುತ್ತೆ. ಸಂಕಷ್ಟಿ, ಏಕಾದಶಿ ಏನಾದ್ರೂ ಇದೆಯಾ ಅಂತ ಗೋಡೆ ಕ್ಯಾಲೆಂಡರ್ ನೋಡಿಬಿಡಿ. ಶ್ರಾವಣ ಸೋಮವಾರ ಅಂತೂ ಕರೀಲೇಬೇಡಿ.

ಫೋನ್: ವಾಟ್ಸಾಪ್ ಬೇಡ, ಮೊದಲ ಸಂಪರ್ಕ ಧ್ವನಿಯಲ್ಲೇ ಆಗಬೇಕು. ಸುಮಾರು ಹತ್ತು ದಿನ ಮುಂಚೆ, ಸಂಜೆ ಏಳರ ನಂತರ. ಮೊಬೈಲ್ ನಂಬರ್ ಬದಲಾಗಿದ್ರೆ ಆಫೀಸಿಗೆ ಮಾಡಿ, ಹಳೇ ಸ್ಟಾಫ್ ಒಬ್ಬರಾದ್ರೂ ಇದ್ದೇ ಇರ್ತಾರೆ. ಅವರ ಹತ್ರ ಮಾತಾಡೋದು ಇನ್ನೂ ಒಳ್ಳೇದು: ಸರ್ ಆರೋಗ್ಯ ಹೇಗಿದೆ, ಮನೇಲಿ ಏನಾದ್ರೂ ಹೆಚ್ಚುಕಮ್ಮಿ ಆಗಿದೆಯಾ ಎಲ್ಲ ಗೊತ್ತಾಗುತ್ತೆ. ವರ್ಷಗಟ್ಟಲೆ ಬಿಟ್ಟು ಫೋನ್ ಮಾಡಿ "ಮೇಡಂ ಚೆನ್ನಾಗಿದಾರಾ ಸರ್" ಅಂತ ಕೇಳಿ, ಅವರು ತೀರಿಕೊಂಡಿದ್ದಾರೆ ಅಂತ ಆಗ ಗೊತ್ತಾದ್ರೆ ಆ ಮಾತು ಮುಂದಕ್ಕೆ ಹೋಗಲ್ಲ.

ಹೇಳೋದು ಇಷ್ಟು ಸಾಕು: "ನಮಸ್ಕಾರ ಸರ್, ನಾನು ಇಂಥವನು, ಇಂಥ ವರ್ಷ ನಿಮ್ಮಲ್ಲಿ ಆರ್ಟಿಕಲ್ಸ್ ಮಾಡ್ತಿದ್ದೆ, ಎಪಿಎಂಸಿ ಫೈಲ್ಸ್ ನೋಡ್ತಿದ್ದೆ. ಬಹಳ ದಿನ ಆಯ್ತು ಫೋನ್ ಮಾಡದೆ, ಕ್ಷಮಿಸಬೇಕು. ಈ ತಿಂಗಳು ಕೊನೇ ಶನಿವಾರ ಊರಿಗೆ ಬರ್ತಿದೀನಿ, ಮಧ್ಯಾಹ್ನ ನಿಮ್ ಜೊತೆ ಊಟ ಮಾಡಬೇಕು ಅಂತ ಆಸೆ. ಊರಲ್ಲೇ ಪ್ರಾಕ್ಟೀಸ್ ಮಾಡೋ ಯೋಚನೆ ಇದೆ, ಅದರ ಬಗ್ಗೆ ನಿಮ್ಮನ್ನ ಕೇಳಬೇಕು." ಕ್ಷಮೆ ಆ ಒಂದು ವಾಕ್ಯಕ್ಕೇ ಮುಗೀಬೇಕು. ಎಳೆದಷ್ಟೂ ಅವರೇ ನಿಮ್ಮನ್ನ ಸಮಾಧಾನ ಮಾಡೋ ಹಾಗಾಗುತ್ತೆ. ಗುರುತು ಹೇಳೋಕೆ ಅಂತ ಪಾರ್ಟಿಗಳ (ಆಫೀಸಿನ ಕ್ಲೈಂಟ್‌ಗಳ) ಹೆಸರು ಎತ್ತಬೇಡಿ, ಸ್ಪೀಕರ್ ಆನ್ ಇರಬಹುದು.

ಇನ್ನೊಂದು. ನೂರಕ್ಕೆ ತೊಂಬತ್ತು ಪಾಲು ಬರೋ ಉತ್ತರ "ಹೋಟೆಲ್ ಯಾಕೋ, ಮನೆಗೇ ಬಾ" ಅಂತ. ಇದಕ್ಕೆ ತಯಾರಿಲ್ಲದೆ "ಇಲ್ಲ ಸರ್, ಹೋಟೆಲಲ್ಲೇ" ಅಂತ ಹಟ ಹಿಡಿದ್ರೆ ಚೆನ್ನಾಗಿರಲ್ಲ. ಒಪ್ಕೊಳ್ಳಿ. ಆದ್ರೆ ಮನೆ ಊಟದಲ್ಲಿ ಕೆಲಸದ ಮಾತು ನಡೆಯಲ್ಲ. ಮೇಡಂ ಬಡಿಸ್ತಾ ಇರ್ತಾರೆ, ಮೊಮ್ಮಗು ಓಡಾಡ್ತಿರುತ್ತೆ. "ಆಯ್ತು ಸರ್, ಹನ್ನೊಂದೂವರೆಗೆ ಆಫೀಸಿಗೆ ಬಂದು ಅಲ್ಲಿಂದ ಒಟ್ಟಿಗೆ ಮನೆಗೆ ಹೋಗೋಣ್ವಾ" ಅಂತ ಅಲ್ಲೇ ಕೇಳಿ. ಆ ಒಂದು ಗಂಟೆಯೇ ನಿಮ್ಮ ಮೀಟಿಂಗ್.

---

ಬಿಸಿರೊಟ್ಟಿ:

ಹೋಟೆಲ್ ಅಂತಾನೇ ಆದ್ರೆ ಬೆಣ್ಣೆ ದೋಸೆಗೆ ಮಾತ್ರ ಕರ್ಕೊಂಡು ಹೋಗಬ್ಯಾಡ್ರಿ. ಬೆಂಗಳೂರಿಂದ ಬಂದವ್ರಿಗೆಲ್ಲ ಅದೇ ತಲೇಲಿ ಇರೋದು. ಅದು ಬೆಳಿಗ್ಗೆ ಇಲ್ಲ ಸಂಜೆ ತಿನ್ನೋ ತಿಂಡಿ. ಮಧ್ಯಾಹ್ನ ಒಂದಕ್ಕೆ ಎಷ್ಟೋ ಕಡೆ ಒಲೆ ಆರಿಸಿರ್ತಾರೆ. ತೆರೆದಿದ್ರೂ ನಿಮ್ಮ ಬೆನ್ನ ಹಿಂದೆ ಪ್ಲೇಟ್ ಯಾವಾಗ ಖಾಲಿ ಆಗ್ತದೋ ಅಂತ ನಾಲ್ಕು ಜನ ನಿಂತಿರ್ತಾರ, ಹತ್ತು ನಿಮಿಷಕ್ಕೆ ಏಳಬೇಕು. ಅರವತ್ತು ದಾಟಿದ ಸಕ್ಕರೆ ಕಾಯಿಲೆಯವ್ರಿಗೆ ಅಷ್ಟು ಬೆಣ್ಣೆ, ಅದರ ಮೇಲೆ ಆಲೂಗಡ್ಡೆ ಪಲ್ಯ. ಬ್ಯಾಡವೇ ಬ್ಯಾಡ.

ಖಾನಾವಳಿ ಒಳ್ಳೇದು. ಆದ್ರೆ ಹನ್ನೆರಡೂವರೆಗೇ ಹೋಗಿ ಕೂತ್ಕೋಬೇಕು. ಒಂದೂಕಾಲಿನ ಮೇಲೆ ಮಂಡಿ ಕಡೆಯವ್ರು, ಬ್ಯಾಂಕಿನವ್ರು ಎಲ್ಲ ಒಟ್ಟಿಗೆ ನುಗ್ತಾರ. ರೊಟ್ಟಿ ಬರೋದು ತಡ ಆಗ್ತದ, ಬಂದಿದ್ದೂ ಆರಿರ್ತದ. ಸಕ್ಕರೆ ಮಾತ್ರೆ ತಗೊಳ್ಳೋರಿಗೆ ಊಟದ ಹೊತ್ತು ಗಡಿಯಾರದ ಹಂಗ ಇರ್ತದ, ಎರಡು ಗಂಟೆಗೆ ತಳ್ಳಿದ್ರೆ ಕೈ ನಡುಗೋಕೆ ಶುರು ಆಗ್ತದ. "ಸರ್, ನೀವು ಊಟ ಎಷ್ಟೊತ್ತಿಗೆ ಮಾಡ್ತೀರಿ" ಅಂತ ಫೋನಲ್ಲೇ ಕೇಳಿ ಇಟ್ಕೊಳ್ರಿ.

ಖಡಕ್ ರೊಟ್ಟಿ ಬ್ಯಾಡ, ಬಿಸಿ ರೊಟ್ಟಿ ಹೇಳ್ರಿ. ಹಲ್ಲು ಕಟ್ಟಿಸಿಕೊಂಡವ್ರು ಖಡಕ್ ರೊಟ್ಟಿನ ಮುರಿದು ಸಾರಲ್ಲಿ ನೆನೆಸಿ ಕೂರ್ತಾರ, ಬಾಯಿ ಬಿಟ್ಟು ಹೇಳಲ್ಲ. ಜೋಳದ ರೊಟ್ಟಿ ಎರಡು, ಎಣ್ಣೆಗಾಯಿ, ಕಾಳು ಪಲ್ಯ, ಸೌತೆಕಾಯಿ ಮೆಂತ್ಯ ಸೊಪ್ಪು, ಮೊಸರು. ಅನ್ನ ಸ್ವಲ್ಪ. ಹೋಳಿಗೆ ಬಂದ್ರೆ "ಸರ್‌ಗೆ ಬೇಡ, ಶುಗರ್" ಅಂತ ನೀವು ಬಡಿಸೋನಿಗೆ ಹೇಳಬ್ಯಾಡ್ರಿ. ಬೇಕೋ ಬ್ಯಾಡೋ ಅವ್ರೇ ಹೇಳ್ತಾರ. ನಾಲ್ಕು ಜನರ ನಡುವೆ ಕಾಯಿಲೆ ಎತ್ತಿ ಆಡಿದ್ರೆ ಯಾರಿಗೂ ಹಿಡಿಸಲ್ಲ.

ಖಾನಾವಳಿಯ ತೊಂದ್ರೆ ಒಂದೇ: ಎರಡು ನಿಮಿಷಕ್ಕೊಮ್ಮೆ "ರೊಟ್ಟಿ? ಪಲ್ಯ? ಸಾರು?" ಅಂತ ಬರ್ತಾನೇ ಇರ್ತಾರ. ಸರ್ ಏನೋ ಮುಖ್ಯವಾದದ್ದು ಹೇಳೋಕೆ ಬಾಯಿ ತೆಗೆದಿರ್ತಾರ, ಅಷ್ಟೊತ್ತಿಗೆ ಮಜ್ಜಿಗೆ ಬರ್ತದ. ಅದಕ್ಕೆ ಅಲ್ಲಿ ಊಟ ಅಷ್ಟೇ. ಮಾತು ಅವರ ಆಫೀಸ್ ಚೇಂಬರಲ್ಲಿ, ಊಟಕ್ಕೆ ಮುಂಚೆ ಇಲ್ಲ ಆಮೇಲೆ. ಒಂದೇ ಕಡೆ ಎರಡೂ ಆಗಬೇಕು ಅಂದ್ರೆ ಪಿಬಿ ರೋಡ್ ಕಡೆ ಲಾಡ್ಜ್ ಜೊತೆಗಿರೋ ಫ್ಯಾಮಿಲಿ ರೆಸ್ಟೋರೆಂಟ್ ನೋಡ್ರಿ. ರುಚಿ ಸಾಧಾರಣ, ಆದ್ರೆ ಒಂದೂವರೆ ಗಂಟೆ ಕೂತ್ರೂ ಯಾರೂ ಏಳ್ರಿ ಅನ್ನಲ್ಲ. ಮಹಡಿ ಮೇಲಿನ ಹಾಲ್ ಬ್ಯಾಡ, ಮೊಣಕಾಲು ನೋವಿರ್ತದ. ಗೋಡೆ ಪಕ್ಕದ ಟೇಬಲ್ ಹಿಡೀರಿ, ಟಿವಿ ಕೆಳಗಿಂದು ಬ್ಯಾಡ.

ಮಂಡಿಪೇಟೆ, ಚೌಕಿಪೇಟೆ ಒಳಗೆ ಹಗಲೊತ್ತು ಕಾರು ತಗೊಂಡು ಹೋದ್ರೆ ನಿಲ್ಲಿಸೋಕೆ ಜಾಗ ಹುಡುಕೋದ್ರಲ್ಲೇ ಅರ್ಧ ಗಂಟೆ ಹೋಗ್ತದ. ಆಟೋ ಮಾಡ್ರಿ.

---

ದುರ್ಗದ_ಹೈದ:

ತಾರೀಖು, ರೊಟ್ಟಿ ಎಲ್ಲ ಸರಿ. ಫೋನಲ್ಲೇ ಪ್ರಾಕ್ಟೀಸ್ ಅಂತ ಹೇಳೋದು ನಾನು ಒಪ್ಪಲ್ಲ. ಚಿತ್ರದುರ್ಗ, ದಾವಣಗೆರೆ ಎರಡೂ ಕಡೆ ಹಿರಿಯ ಆಡಿಟರ್‌ಗಳ ಮನಸ್ಸಿಗೆ ಬರೋ ಮೊದಲ ಯೋಚನೆ "ಹುಡುಗ ನನ್ನ ಪಾರ್ಟಿಗಳ ಮೇಲೆ ಕಣ್ಣಿಟ್ಟಿದಾನೆ" ಅನ್ನೋದೇ. ಫೈಲ್‌ಗಳೆಲ್ಲ ನಿಮಗೆ ಗೊತ್ತು, ಪಾರ್ಟಿಗಳಿಗೂ ನಿಮ್ಮ ಮುಖ ಗೊತ್ತು. ಮೊದಲ ಊಟ ಬರೀ ಮಾತಿಗೆ ಇರಲಿ. ಎರಡನೇ ಸಲ ಬಂದಾಗ ವಿಷಯ ಎತ್ತಿ.

---

ಎಂಟನೇ_ಕಲಂ:

ಹೈದ ಅವರೇ, ನೀವು ಹೇಳಿದ ಅನುಮಾನ ನಿಜ. ಅದಕ್ಕೇ ಮೊದಲೇ ಹೇಳಬೇಕು ಅನ್ನೋದು. ಎಷ್ಟೋ ವರ್ಷ ಸುಳಿವಿಲ್ಲದವನು ಸುಮ್ಮನೆ ಊಟಕ್ಕೆ ಕರೆದ ಅಂದ್ರೆ ಯಾವ ಸರ್ ನಂಬ್ತಾರೆ? ಮದುವೆ ಪತ್ರಿಕೆಯೋ, ಸಾಲವೋ, ಕೆಲಸ ಹೋಯ್ತೋ ಅಂತ ಲೆಕ್ಕ ಹಾಕ್ತಾ ಊಟ ಮಾಡ್ತಾರೆ. ಎರಡನೇ ಭೇಟಿಯಲ್ಲಿ ವಿಷಯ ಹೊರಬಂದ್ರೆ ಮೊದಲನೆಯ ಊಟವೂ ನಾಟಕ ಅಂತಾಗುತ್ತೆ.

ಇದಕ್ಕಿಂತ ಗಟ್ಟಿ ಕಾರಣ ಕಾನೂನಲ್ಲೇ ಇದೆ. ಸಿಎ ಕಾಯ್ದೆ, 1949ರ ಮೊದಲ ಶೆಡ್ಯೂಲ್, ಮೊದಲ ಭಾಗದ 8ನೇ ಕಲಂ: ಇನ್ನೊಬ್ಬ ಸಿಎ ಮಾಡ್ತಿದ್ದ ಆಡಿಟ್ ಒಪ್ಪಿಕೊಳ್ಳೋ ಮುಂಚೆ ಅವರಿಗೆ ಬರವಣಿಗೆಯಲ್ಲಿ ತಿಳಿಸಲೇಬೇಕು. ನಾಳೆ ಸರ್ ಪಾರ್ಟಿ ಒಬ್ಬರು ತಾವಾಗೇ ನಿಮ್ಮ ಹತ್ರ ಬಂದ್ರೂ ನಿಮ್ಮ ಪತ್ರ ಸರ್ ಟೇಬಲ್‌ಗೆ ಹೋಗಲೇಬೇಕು. ನೀವು ಊರಲ್ಲಿ ಬೋರ್ಡ್ ಹಾಕಿದ್ದು ಅವರಿಗೆ ಆ ಪತ್ರದಿಂದ ಗೊತ್ತಾಗೋದು ಒಳ್ಳೇದಾ, ನಿಮ್ಮ ಬಾಯಿಂದಲಾ?

6ನೇ ಕಲಂ ಕೂಡ ಓದಿಕೊಂಡು ಹೋಗಿ. ಪಾರ್ಟಿಗಳ ಹತ್ರ ಹೋಗಿ ಕೆಲಸ ಕೊಡಿ ಅಂತ ಕೇಳೋ ಹಾಗಿಲ್ಲ. ಆದರೆ ಪ್ರಾಕ್ಟೀಸಲ್ಲಿರೋ ಇನ್ನೊಬ್ಬ ಸಿಎ ಹತ್ರ ಕೆಲಸ ಕೇಳಬಹುದು, ಅದೇ ಕಲಂನಲ್ಲಿ ವಿನಾಯಿತಿ ಇದೆ. ಫೀ ಹಂಚಿಕೊಳ್ಳೋದೂ ಪ್ರಾಕ್ಟೀಸಲ್ಲಿರೋ ಸಿಎ ಜೊತೆ ನಡೆಯುತ್ತೆ. ಹಾಗಾಗಿ ಸರ್ ಹತ್ರ ಕೇಳೋ ಸರಿಯಾದ ಪ್ರಶ್ನೆ "ಯಾವ ಪಾರ್ಟಿಗಳನ್ನ ಕೊಡ್ತೀರಿ" ಅಂತ ಅಲ್ಲ, "ಸೆಪ್ಟೆಂಬರಲ್ಲಿ ನಿಮಗೆ ಕೈ ಸಾಲದೆ ಇದ್ರೆ ನಾನು ಬಂದು ಕೂರಬಹುದಾ" ಅಂತ. ಆರ್ಟಿಕಲ್‌ಶಿಪ್ 2023ರಲ್ಲಿ ಮೂರು ವರ್ಷದಿಂದ ಎರಡಕ್ಕೆ ಇಳಿದ ಮೇಲೆ, ಹುಡುಗರು ಫೈಲ್ ಅರ್ಥ ಮಾಡ್ಕೊಳ್ಳೋ ಹೊತ್ತಿಗೆ ಹೊರಟು ನಿಂತಿರ್ತಾರೆ. ಅನುಭವ ಇರೋ ಕೈ ಯಾರಿಗೂ ಭಾರ ಅಲ್ಲ.

ಸರ್ ಕಡೆಯಿಂದ ಬರೋ ಮೊದಲ ಪ್ರಶ್ನೆ "ಕೆಲಸ ಬಿಟ್ಟಾಯ್ತಾ?" ಅಂತ. ಕೆಲಸದಲ್ಲಿದ್ದುಕೊಂಡೇ ಪಾರ್ಟ್‌ಟೈಮ್ ಪ್ರಾಕ್ಟೀಸ್ ಸರ್ಟಿಫಿಕೇಟ್ ತಗೊಂಡ್ರೆ ಆಡಿಟ್ ರಿಪೋರ್ಟ್‌ಗೆ ಸಹಿ ಹಾಕೋಕಾಗಲ್ಲ ಅನ್ನೋದು ಅವರಿಗೆ ಗೊತ್ತು. ನೋಟಿಸ್ ಪೀರಿಯಡ್ ಎಷ್ಟು, ಯಾವಾಗ ಬಿಡ್ತೀರಿ, ಎಷ್ಟು ತಿಂಗಳ ಮನೆ ಖರ್ಚು ಕೈಯಲ್ಲಿದೆ, ಮೂರಕ್ಕೂ ಉತ್ತರ ಇಟ್ಕೊಂಡು ಹೋಗಿ. ಎರಡನೇದು "ಪ್ಯಾಕೇಜ್ ಎಷ್ಟು ಬರುತ್ತೆ?" ಸುತ್ತಿ ಬಳಸಿ ಹೇಳಬೇಡಿ. ಸಿಟಿಸಿ (ಕಂಪನಿ ಲೆಕ್ಕದ ಒಟ್ಟು ಪ್ಯಾಕೇಜ್) ಹೇಳಿದ ಕೂಡಲೇ ಕೈಗೆ ಬರೋದೆಷ್ಟು ಅಂತ ಅವರ ತಲೇಲಿ ಲೆಕ್ಕ ಮುಗಿದಿರುತ್ತೆ.

ನೀವು ಕೇಳಬೇಕಾದ್ದು, ಫೀ ಎಷ್ಟು ಅನ್ನೋದಕ್ಕಿಂತ ಮುಖ್ಯವಾಗಿ, ಫೀ ಯಾವಾಗ ಬರುತ್ತೆ ಅನ್ನೋದು. ಬೆಂಗಳೂರಲ್ಲಿ ತಿಂಗಳ ಕೊನೆಗೆ ಸಂಬಳ ನೋಡಿದವರಿಗೆ ಇದು ಗೊತ್ತಿರಲ್ಲ. ಮಂಡಿ ದಲಾಲರ ಕೈಯಲ್ಲಿ ದುಡ್ಡು ಓಡಾಡೋದು ಮೆಕ್ಕೆಜೋಳ ಬರೋ ಅಕ್ಟೋಬರ್-ನವೆಂಬರ್ ಹೊತ್ತಿಗೆ. ಚನ್ನಗಿರಿ ಕಡೆಯ ಅಡಿಕೆಯವರ ಲೆಕ್ಕ ಬೇರೆ, ರೈಸ್ ಮಿಲ್‌ನವರದ್ದು ಬೇರೆ, ಟ್ರಸ್ಟ್‌ಗಳದ್ದು ಇನ್ನೂ ಬೇರೆ. ಯಾವ ಥರದ ಕೆಲಸಕ್ಕೆ ಎಷ್ಟು ತಿಂಗಳು ಬಾಕಿ ನಿಲ್ಲುತ್ತೆ ಅಂತ ಕೇಳಿ. ಇದನ್ನ ಸರ್ ಖುಷಿಯಿಂದ ಹೇಳ್ತಾರೆ, ಯಾಕಂದ್ರೆ ಇಷ್ಟು ವರ್ಷ ಅವರೇ ಅನುಭವಿಸಿದ್ದು. ಅವರ ಸ್ವಂತ ಫೀ ದರ ಕೇಳಬೇಡಿ, ಆಫೀಸ್ ಮುಂದೆ ಯಾರು ನೋಡ್ಕೋತಾರೆ ಅಂತಲೂ ಕೇಳಬೇಡಿ.

"ಮಗ ಸಿಎ ಮುಗಿಸಿದನಾ ಸರ್?" ಈ ಪ್ರಶ್ನೆ ಅಂತೂ ಬಾಯಿಗೇ ತರಬೇಡಿ. ಆಡಿಟರ್ ಮಕ್ಕಳು ಎಷ್ಟು ಅಟೆಂಪ್ಟ್ ಕೊಟ್ಟಿದ್ದಾರೆ ಅನ್ನೋದು ಅವರ ಮನೆಯಲ್ಲೇ ಯಾರೂ ಎತ್ತದ ಮಾತಾಗಿರಬಹುದು. "ಮನೇಲಿ ಎಲ್ಲ ಚೆನ್ನಾಗಿದಾರಾ" ಅಷ್ಟೇ ಸಾಕು, ಹೇಳೋದಿದ್ರೆ ಅವರೇ ಹೇಳ್ತಾರೆ.

ಹೋಟೆಲಲ್ಲಿ ಹಳೇ ಫೈಲ್‌ಗಳ ಕಥೆ ತೆಗೀಬೇಡಿ. ದಾವಣಗೆರೆ ಎಷ್ಟೇ ಬೆಳೆದಿದ್ರೂ ವ್ಯಾಪಾರದವರ ಮಟ್ಟಿಗೆ ಸಣ್ಣ ಊರು, ಪಕ್ಕದ ಟೇಬಲಿನಲ್ಲಿ ಅದೇ ಪಾರ್ಟಿಯ ಬೀಗರು ಕೂತಿರಬಹುದು. ಪಾರ್ಟಿಯ ವಿಷಯ ಹೊರಗೆ ಬಿಡೋದು ಅದೇ ಕಾಯ್ದೆಯ ಎರಡನೇ ಶೆಡ್ಯೂಲ್, ಮೊದಲ ಭಾಗದ 1ನೇ ಕಲಂ ಪ್ರಕಾರ ವೃತ್ತಿ ದುರ್ನಡತೆ. ನೀವು ಬಾಯಿ ಹೇಗೆ ಇಟ್ಕೋತೀರಿ ಅನ್ನೋದನ್ನ ಸರ್ ನೋಡ್ತಾನೇ ಇರ್ತಾರೆ.

---

ದುರ್ಗದ_ಹೈದ:

8ನೇ ಕಲಂ ಮಾತು ಒಪ್ಪಿದೆ, ಅದು ತಲೆಗೆ ಬಂದಿರಲಿಲ್ಲ. ಆದ್ರೂ ಫೋನಲ್ಲಿ ಒಂದೇ ಸಾಲು ಸಾಕು. ಮತ್ತೆ, ಆಫೀಸಿಗೆ ಅಡ್ವಾನ್ಸ್ ಕೊಟ್ಟಾಗಿದೆ, ಬೋರ್ಡ್ ಬರೆಸೋಕೆ ಹಾಕಿದೀನಿ ಅನ್ನೋ ಹಂತದಲ್ಲಿ ಸಲಹೆ ಕೇಳೋಕೆ ಹೋಗಬೇಡಿ. ಎಲ್ಲ ತೀರ್ಮಾನ ಆಗಿದ್ರೆ "ಆಶೀರ್ವಾದ ಮಾಡಿ" ಅಂತ ನೇರವಾಗಿ ಕೇಳಿ, ಅದಕ್ಕೂ ಬೆಲೆ ಇದೆ.

---

ಪಿಜೆ_ಬಡಾವಣೆ:

ಇಷ್ಟು ವಿವರ ಸಿಗುತ್ತೆ ಅಂತ ಅನ್ಕೊಂಡಿರಲಿಲ್ಲ, ಥ್ಯಾಂಕ್ಸ್. ತೀರ್ಮಾನ ಇನ್ನೂ ಆಗಿಲ್ಲ, ಜಾಗ ಕೂಡ ನೋಡಿಲ್ಲ. ಜೂನ್ ಕೊನೇ ಶನಿವಾರ ಅಂತ ಇಟ್ಕೊಂಡಿದೀನಿ. ವಂದೇ ಭಾರತಲ್ಲಿ ಬೆಳಿಗ್ಗೆ ಬಂದು ಅದೇ ಗಾಡಿಯಲ್ಲಿ ವಾಪಸ್ ಹೋಗೋ ಪ್ಲಾನ್. ಬಿಲ್, ಉಡುಗೊರೆ ಬಗ್ಗೆ ಯಾರೂ ಹೇಳಲಿಲ್ಲ.

---

ಬಿಸಿರೊಟ್ಟಿ:

ಬಿಲ್: ಟೋಕನ್ ಇರೋ ಕಡೆ ಆದ್ರೆ ಹತ್ತು ನಿಮಿಷ ಮುಂಚೆ ಹೋಗಿ ಎರಡು ಟೋಕನ್ ತಗೊಂಡು ಜೇಬಲ್ಲಿ ಇಟ್ಕೊಳ್ರಿ, ಮುಗೀತು. ಬಿಲ್ ಆಮೇಲೆ ಬರೋ ಹೋಟೆಲ್ ಆದ್ರೆ ಕ್ಯಾಶಿಯರ್ ಹತ್ರ ಮೊದಲೇ ಐನೂರೋ ಸಾವಿರವೋ ಕೊಟ್ಟು, ಉಳಿದದ್ದು ಆಮೇಲೆ ಲೆಕ್ಕ ಮಾಡೋಣ ಅಂತ ಹೇಳ್ರಿ. ಕೈ ತೊಳೆಯೋ ಹೊತ್ತಿಗೆ ಓಡಿ ಕೊಡೋದು ನಡೆಯಲ್ಲ. ಸರ್ ದಿನಾ ಹೋಗೋ ಹೋಟೆಲ್ ಆದ್ರೆ ನಿಮ್ಮ ದುಡ್ಡನ್ನ ಕ್ಯಾಶಿಯರ್ ಮುಟ್ಟೋದೇ ಇಲ್ಲ. ಅವ್ರೇ ಕೊಟ್ಟುಬಿಟ್ರೆ ಕೌಂಟರ್ ಮುಂದೆ ಕೈ ಹಿಡಿದು ಎಳೆದಾಡಬ್ಯಾಡ್ರಿ, ಒಂದ್ಸಲ ಹೇಳಿ ಸುಮ್ನಾಗ್ರಿ.

ಉಡುಗೊರೆ: ಬರಿಗೈಲಿ ಹೋಗಬಾರ್ದು. ಸ್ವೀಟ್ ಬಾಕ್ಸ್ ಬ್ಯಾಡ. ಶಾಲು-ಹಾರ ಸನ್ಮಾನದ ಹಂಗ ಆಗ್ತದ, ನಿವೃತ್ತಿ ಮಾಡಿಸಿದಂಗೂ ಕಾಣ್ತದ. ಪೆನ್ನು ಅವ್ರ ಡ್ರಾಯರ್ ತುಂಬ ಇರ್ತಾವ. ಮನೆಗೆ ಅಂತ ಮೋಸಂಬಿ, ದಾಳಿಂಬೆ ಥರದ ಹಣ್ಣು ಎರಡು ಕೆಜಿ. ಹಳೇ ಸ್ಟಾಫ್ ಇದ್ರಲ್ಲ, ಅವ್ರಿಗೆ ಬೇರೆ ಒಂದು ಪೊಟ್ಟಣ ತರೋದು ಮರೀಬ್ಯಾಡ್ರಿ. ನಾಳೆ ಸರ್ ಯಾವಾಗ ಫ್ರೀ ಅಂತ ನಿಮಗೆ ಹೇಳೋರು ಅವ್ರೇ.

---

ಕೀರ್ದಿ_ಖಾತೆ:

ಅದೇ ಗಾಡಿಯಲ್ಲಿ ವಾಪಸ್ ಬೇಡ. ವಂದೇ ಭಾರತ್ ಬೆಳಿಗ್ಗೆ ಒಂಬತ್ತು ದಾಟಿದ ಮೇಲೆ ದಾವಣಗೆರೆಗೆ ಬರುತ್ತೆ, ಆ ಕಡೆಯಿಂದ ಮೂರೂವರೆ-ನಾಲ್ಕರ ಹೊತ್ತಿಗೆ ವಾಪಸ್. ಊಟ ಮುಗಿಸಿ ಆಫೀಸಿಗೆ ಬಂದು ಕೂತು, ಸರ್ ನಿಜವಾದ ವಿಷಯಕ್ಕೆ ಬರೋ ಹೊತ್ತಿಗೆ ನೀವು ಗಡಿಯಾರ ನೋಡ್ತಿರ್ತೀರಿ. ರಾತ್ರಿ ಬಸ್ಸು ಬೇಕಾದಷ್ಟಿವೆ. ಸಂಜೆ ತನಕ ಮಾತು ಎಳೀತು ಅಂದ್ರೆ ಮಂಡಕ್ಕಿ ಮೆಣಸಿನಕಾಯಿಗೂ ಹೊತ್ತಾಗಿರುತ್ತೆ.

ಭೇಟಿ ಆದ ಮೇಲಿಂದು ಒಂದು ಮಾತು. ಅವತ್ತು ರಾತ್ರಿನೇ ಎರಡು ಸಾಲು ಮೆಸೇಜ್ ಹಾಕಿ, ಅದರಲ್ಲಿ ಅವರು ಹೇಳಿದ ಯಾವುದಾದ್ರೂ ಒಂದು ವಿಷಯ ಇರಲಿ. ಯಾರನ್ನಾದ್ರೂ ನೋಡು ಅಂತ ನಂಬರ್ ಕೊಟ್ಟಿದ್ರೆ ವಾರದೊಳಗೆ ಅವರನ್ನ ನೋಡಿ, ಏನಾಯ್ತು ಅಂತ ಸರ್‌ಗೆ ವಾಪಸ್ ಹೇಳಿ. ಸಂಬಂಧ ಮತ್ತೆ ತಪ್ಪೋದು ಹೆಚ್ಚಾಗಿ ಇಲ್ಲೇ: ಸರ್ ಆ ಕಡೆಯವರಿಗೆ ಫೋನ್ ಮಾಡಿ ಹೇಳಿರ್ತಾರೆ, ಹುಡುಗ ಹೋಗಿರಲ್ಲ. ದಿನಾ ಗುಡ್ ಮಾರ್ನಿಂಗ್ ಫಾರ್ವರ್ಡ್ ಕಳಿಸೋದು ಬೇಡ. ಜೂನ್ ಕೊನೆಗೆ ಭೇಟಿ ಆಗ್ತಿದೀರಿ, ಜುಲೈ 1 ಸಿಎ ಡೇ. ಅವತ್ತು ಅವರ ಫೋನ್ ತುಂಬ ಎಲ್ಲರದ್ದೂ ಒಂದೇ ಥರದ ಮೆಸೇಜ್ ಇರುತ್ತೆ, ನೀವು ಸಂಜೆ ಎರಡು ನಿಮಿಷ ಫೋನ್ ಮಾಡಿ. ಸೆಪ್ಟೆಂಬರಿಗೆ ಬಂದು ಕೂರೋ ಮಾತು ಅವರು ಒಪ್ಪಿದ್ರೆ, ಆಗಸ್ಟ್ 23ರ ಮೇಲೆ ಇನ್ನೊಂದು ಫೋನ್ ಮಾಡಿ, ಯಾವ ದಿನದಿಂದ ಬರಲಿ ಅಂತ.